ಸೋಮವಾರ ತೆರೆದ ಬಾಗಿಲು

"ನನ್ನ ಪ್ರೋಗ್ರಾಂ ಸುಳ್ಳು ಹೇಳಂಗಿಲ್ರಿ ಅಕ್ಕಾವ್ರ!"

ಸೌಭಾಗ್ಯ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತಳ್ಳಿದ ರಭಸಕ್ಕೆ ನನ್ನ ಚಹಾದ ಕಪ್ಪು ಅಂಚಿಗೆ ಬಂದು ನಿಂತಿತು. ಹಿಡಿದುಕೊಂಡೆ. ಶಹಾಪುರದ ಆ ಪುಟ್ಟ ಕಂಪ್ಯೂಟರ್ ಸೆಂಟರಿನಲ್ಲಿ ಮೂರೇ ಕುರ್ಚಿ. ಒಂದರಲ್ಲಿ ನಾನು, ಅಂದರೆ ವಿಶ್ವರಾಧ್ಯ. ಇನ್ನೊಂದರಲ್ಲಿ ಈ ಪ್ರೋಗ್ರಾಂ ಬರೆದ ಹುಡುಗಿ ಸೌಭಾಗ್ಯ. ಮೂರನೆಯದರಲ್ಲಿ, ನಾನು ಸಹಾಯಕನಾಗಿರುವ, ನಮ್ಮ ಸುರಪುರದ ಪತ್ತೇದಾರಿ ರೇಣುಕಾದೇವಿ ಮೇಡಂ. ಅವರು ಹುಡುಗಿಯ ಸಿಟ್ಟನ್ನು ನೋಡಿ ನಕ್ಕರು. ನನ್ನ ಸಿಟ್ಟಿಗೆ ಮಾತ್ರ ಹಾಗೆ ಎಂದೂ ನಗುವುದಿಲ್ಲ.

"ಆತು, ಪ್ರೋಗ್ರಾಂ ಸುಳ್ಳು ಹೇಳಂಗಿಲ್ಲ. ನಿಮ್ಮ ಅವ್ವ?"

"ಏನ್ರಿ?"

"ನಿಮ್ಮ ಅವ್ವ ಭಾಗಮ್ಮ ಸುಳ್ಳು ಹೇಳ್ತಾಳೇನು?"

ಹುಡುಗಿ ಪರದೆಯ ಕಡೆ ಮುಖ ತಿರುಗಿಸಿದಳು. ಹೌದು ಎಂದರೂ ಕಷ್ಟ, ಇಲ್ಲ ಎಂದರೂ ಕಷ್ಟ. ಹಿಂದಿನ ಸೋಮವಾರ ದೋರನಹಳ್ಳಿಯ ಬೀಜದ ಮನೆಯಿಂದ ಮುತ್ತಿನತೆನಿ ಜೋಳದ ಒಂದು ಗಡಿಗೆ ಕಳುವಾಗಿತ್ತು. ಆ ಬೀಜ ಕಾಯುವ ಐವರು ಹೆಂಗಸರೂ ಒಪ್ಪಿದ ಮೇಲೆಯೇ ತೆರೆದೆ ಎಂದು ಬಾಗಿಲಿನ ಯಂತ್ರ ಹೇಳುತ್ತಿತ್ತು, ನಾವ್ಯಾರೂ ಒಪ್ಪಿಲ್ಲ ಎಂದು ಐವರೂ ಹೇಳುತ್ತಿದ್ದರು. ಆ ಐವರಲ್ಲಿ ಮೊದಲನೆಯವಳು ಭಾಗಮ್ಮ. ಯಂತ್ರಕ್ಕೆ ಬುದ್ಧಿ ಕೊಟ್ಟವಳು ಅವಳ ಮಗಳು ಸೌಭಾಗ್ಯ.

"ಆವತ್ತಿನಿಂದ ಅವ್ವನ ಜೋಡಿ ಮಾತಾಡಿಲ್ರಿ" ಎಂದಳು ಹುಡುಗಿ, ದನಿ ಇಳಿಸಿ. "ಒಂದೇ ಮನ್ಯಾಗ ಇದ್ದೀವಿ. ರೊಟ್ಟಿ ಬಡದು ಮುಂದ ಇಡ್ತಾಳ. ನಾ ತಿಂತೀನಿ. ಆಕಿ ಕೇಳಂಗಿಲ್ಲ, ನಾ ಹೇಳಂಗಿಲ್ಲ."

ಆ ಜೋಳದ ರೊಟ್ಟಿಯನ್ನು ನಾನೂ ತಿಂದಿದ್ದೇನೆ. ಬೆಳಿಗ್ಗೆ ಬಡಿದದ್ದು ಸಂಜೆಯವರೆಗೂ ಮೆತ್ತಗಿರುತ್ತದೆ. ಮಳೆ ಕೈಕೊಟ್ಟರೂ ಕರಿ ನೆಲದ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲೇ ತೆನೆ ಕಟ್ಟುವ ತಳಿ ಅದು. ಅಂಗಡಿಯಲ್ಲಿ ಸಿಗುವುದಿಲ್ಲ. ದೋರನಹಳ್ಳಿಯ ಐದು ಮನೆಗಳ ಅತ್ತೆಯರು ಸೊಸೆಯರಿಗೆ ಕೊಟ್ಟು ಉಳಿಸಿಕೊಂಡು ಬಂದದ್ದು. ಹೊರಗಿನವರು ಹಿಂಗಾರಿ ಜೋಳದ ಬಗ್ಗೆ ಮಾತಾಡುವಾಗ ನಮ್ಮ ಜಿಲ್ಲೆಯ ಹೆಸರು ಹೇಳುತ್ತಾರಲ್ಲ, ಅದಕ್ಕೆ ಕಾರಣ ಇಂಥ ಹೆಂಗಸರು ಎಂದು ನಾನು ಎದೆ ತಟ್ಟಿ ಹೇಳುತ್ತೇನೆ.

ಇವತ್ತು ಮಧ್ಯಾಹ್ನ ಶಹಾಪುರದಲ್ಲಿ ರೈತ ಸಂಘದ ಸಭೆಯಿತ್ತು. ಐವರೂ ಸುಳ್ಳು ಹೇಳಿದರು ಎಂದು ಸಭೆ ತೀರ್ಮಾನಿಸಿದರೆ ಬೀಜದ ಮನೆ ಅವರ ಕೈತಪ್ಪಿ ಸಂಘದ ಅಧ್ಯಕ್ಷ ಅಂಬ್ರಪ್ಪನ ಕೈಗೆ ಹೋಗುತ್ತದೆ. ಉಳಿದ ನಾಲ್ಕು ಗಡಿಗೆಗಳನ್ನು ಒಂದು ಬೀಜದ ಕಂಪನಿಗೆ ಒಪ್ಪಿಸುವ ಮಾತನ್ನು ಅವನು ಆಗಲೇ ಆಡಿಯಾಗಿತ್ತು. ಆಮೇಲೆ ದೋರನಹಳ್ಳಿಯವರು ತಮ್ಮ ಜೋಳವನ್ನು ತಾವೇ ಪ್ಯಾಕೆಟ್ಟಿನಲ್ಲಿ ಕೊಂಡು ಬಿತ್ತಬೇಕು.

"ಬಾಗಿಲ ಹೆಂಗ ತೆರೀತದ, ಮೊದಲಿಂದ ಹೇಳು" ಎಂದರು ಮೇಡಂ.

ಸೌಭಾಗ್ಯ ನೆಟ್ಟಗೆ ಕುಳಿತಳು. ಕೆಲಸದ ಮಾತು ಬಂದೊಡನೆ ಅವಳ ಕಣ್ಣಿಗೆ ಕಳೆ ಬಂತು.

"ಮೊದಲ ಕೀಲಿ ಇರಲಿಲ್ರಿ. ಬಾಗಿಲಿಗೆ ಒಂದು ಹಗ್ಗ, ಹಗ್ಗಕ್ಕ ಐದು ಗಂಟು. ಒಬ್ಬೊಬ್ಬರ ಗಂಟು ಒಂದೊಂದು ನಮೂನಿ. ಅವರ ಗಂಟು ಅವರೇ ಬಿಚ್ಚಬೇಕು. ಐದೂ ಬಿಚ್ಚಿದ್ರ ಬಾಗಿಲ ತೆರೀತಿತ್ತು. ಅದನ್ನೇ ನಾ ಪ್ರೋಗ್ರಾಂ ಮಾಡೀನಿ. ಬಾಗಿಲದ ಗುಂಡಿ ಒತ್ತಿದ್ರ ಆವತ್ತಿನ ಸಾಲಿನ್ಯಾಗ ಇದ್ದವರ ಫೋನಿಗೆ ಪ್ರಶ್ನೆ ಹೋಗ್ತದ. ಎಲ್ಲಾರೂ 'ಹೂಂ' ಅಂದ್ರ ಕೀಲಿ ತೆರೀತದ, ಸಂಘದ ಫೋನಿಗೂ ನನ್ನ ಫೋನಿಗೂ ಸುದ್ದಿ ಬರ್ತದ."

"ಎಲ್ಲಾರೂ ಅಂದಾರಂತ ಹೆಂಗ ತಿಳೀತದ?"

"ಆಲ್ ಅಂತ ಒಂದು ಹುಕುಂ ಐತ್ರಿ. ಪ್ರೋಗ್ರಾಂ ಬರಿಯೋ ಪೈಥಾನ್ ಭಾಷಾದಾಗ ತಯಾರೇ ಸಿಗ್ತದ, ನಾವು ಬರಿಯೋದೇ ಬ್ಯಾಡ. ಉತ್ತರದ ಸಾಲು ಕೊಟ್ರ ಒಂದೊಂದೇ ನೋಡ್ಕೋತ ಹೋಗ್ತದ. ಎಲ್ಲಾ ನಿಜ ಇದ್ರ 'ನಿಜ' ಅಂತದ. ಒಂದರ ಸುಳ್ಳು ಸಿಕ್ಕಿತೋ, ಅಲ್ಲೇ ನಿಂತು 'ಸುಳ್ಳು' ಅಂತದ."

ಇಲ್ಲಿ ನಾನು ಬಾಯಿ ಹಾಕಿದೆ. ನಿನ್ನೆಯಿಂದ ಇದೊಂದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. "ಅದರ ಬದಲಿ ಎನಿ ಹಾಕಿಬಿಟ್ಟೀಯೇನು ನೋಡವ್ವ. ಯಾರರ ಒಬ್ಬರು ಹೂಂ ಅಂದ್ರೂ ನಿಜ ಅನ್ನೋದು ಅದು. ಒಬ್ಬಾಕಿ ಒತ್ತಿದ್ರ ಸಾಕಾಗ್ತದ."

ಸೌಭಾಗ್ಯ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಎನಿ ಹಾಕಿದ್ರ ಐದು ಗಂಟಿಗೆ ಏನು ಇಜ್ಜತ್ ಉಳೀತ್ರಿ ಕಾಕಾ? ನಾ ಆ ಗಂಟು ಕಟ್ಟಿದ ಮನಿ ಮಗಳು."

ನಾನು ಚಹಾ ಕುಡಿದೆ. ತಣ್ಣಗಾಗಿತ್ತು. ಆದರೂ ಆ ಮಾತು ಕೇಳಿ ನನಗೆ ಖುಷಿಯಾಯಿತು, ಬೈಸಿಕೊಂಡವನು ನಾನೇ ಆದರೂ.

"ಸೌಭಾಗ್ಯ, ಇವತ್ತು ಯಾವ ವಾರ?" ಮೇಡಂ ಕೇಳಿದರು.

"ಸೋಮವಾರ."

"ಇವತ್ತಿನ ಸಾಲು ತೋರಿಸು."

ಹುಡುಗಿ ಪರದೆಯ ಮೇಲೆ ಬೆರಳಿಟ್ಟಳು. ಭಾನುವಾರದ ಮುಂದೆ ಐದು ಹೆಸರು. ಮಂಗಳವಾರದ ಮುಂದೆ ಐದು ಹೆಸರು. ಸೋಮವಾರದ ಮುಂದೆ ಒಂದು ಚೌಕ ಆವರಣ ತೆರೆದಿತ್ತು, ಒಂದು ಮುಚ್ಚಿತ್ತು. ನಡುವೆ ಏನೂ ಇರಲಿಲ್ಲ.

"ಇದೇನು?"

"ಸೋಮವಾರ ಬಸವಣ್ಣನ ವಾರ ಅಲ್ರಿ. ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ, ಬೀಜ ಮುಟ್ಟಂಗಿಲ್ಲ. ಅದಕ್ಕ ಆವತ್ತು ಯಾರ ಹೆಸರೂ ಹಾಕಿಲ್ಲ. ಯಾರಿಗೂ ಫೋನ್ ಹೋಗಬಾರದು, ಯಾರೂ ಬಾಗಿಲ ತೆರೀಬಾರದು."

"ಹೂಂ ಅನ್ನೋರೇ ಇಲ್ಲಂದ್ರ ಬಾಗಿಲ ತೆರಿಯಂಗಿಲ್ಲ ಅಂತ ನಿನ್ನ ಲೆಕ್ಕ."

"ಹೌದಲ್ರಿ ಮತ್ತ?"

"ಸೋಮವಾರ ಒಮ್ಮೆರ ಹೋಗಿ ಗುಂಡಿ ಒತ್ತಿ ನೋಡೀಯೇನು?"

ಅವಳು ನಕ್ಕಳು. "ಸೋಮವಾರ ಬೀಜದ ಮನಿಗೆ ಯಾರು ಹೋಗ್ತಾರ್ರಿ ಅಕ್ಕಾವ್ರ? ಬ್ಯಾರೆ ಎಲ್ಲಾ ವಾರ ನೋಡೀನಿ."

ರೇಣುಕಾದೇವಿ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ಕೃಷ್ಣಾ ದಂಡೆಯಲ್ಲಿ ಹರಿಗೋಲು ಹಾಕುತ್ತಿದ್ದ ಮನೆತನದ ಹೆಣ್ಣುಮಗಳು. ಪತ್ತೇದಾರಿಕೆಗೆ ಇಳಿಯುವ ಮೊದಲು ಸುರಪುರದ ಅರ್ಧ ಊರಿಗೆ ಕಂಪ್ಯೂಟರ್ ಕಲಿಸಿದವರು. ನೀರಿಗಿಳಿಯುವ ಮುಂಚೆ ಕೋಲು ಹಾಕಿ ಆಳ ನೋಡುವುದು ಅವರ ರಕ್ತದಲ್ಲೇ ಇದೆ. ಒಂದೇ ಸಾಲು ಒತ್ತಿದರು: ಆಲ್, ಅದರೊಳಗೆ ಬರಿದಾದ ಆವರಣ.

"ಎಂಟರ್ ನೀನೇ ಒತ್ತು."

ಸೌಭಾಗ್ಯ ಒತ್ತಿದಳು.

ಪರದೆಯ ಮೇಲೆ ಬಂದ ಉತ್ತರ: ಟ್ರೂ. ನಿಜ.

ಹುಡುಗಿ ಮತ್ತೆ ತಾನೇ ಟೈಪ್ ಮಾಡಿ ಒತ್ತಿದಳು. ಟ್ರೂ. ಆಲ್ ತೆಗೆದು ಎನಿ ಹಾಕಿ ಒತ್ತಿದಳು. ಫಾಲ್ಸ್. ಮತ್ತೆ ಆಲ್. ಮತ್ತೆ ಟ್ರೂ.

"ಯಾರೂ ಇಲ್ಲ. ಆದ್ರೂ ಎಲ್ಲಾರೂ ಹೂಂ ಅಂದಾರ ಅಂತದ!"

"ಅದು ಹುಡುಕೋದು ಹೂಂ ಅಂದವರನ್ನಲ್ಲ" ಎಂದರು ಮೇಡಂ. "ಉಹೂಂ ಅಂದವರನ್ನ. ಒಬ್ಬರರ ಸಿಕ್ಕಿದ್ರ ಸುಳ್ಳು ಅಂತದ. ಖಾಲಿ ಸಾಲಿನ್ಯಾಗ ಉಹೂಂ ಅನ್ನೋರು ಎಲ್ಲಿಂದ ಬರಬೇಕು? ಸಿಗಲಿಲ್ಲ, ನಿಜ ಅಂತು. ಎನಿ ಹೂಂ ಅಂದವರನ್ನ ಹುಡುಕ್ತದ. ಅವರೂ ಸಿಗಲಿಲ್ಲ, ಸುಳ್ಳು ಅಂತು. ಎರಡೂ ತಮ್ಮ ಕೆಲಸ ಬರೋಬ್ಬರಿ ಮಾಡ್ಯಾವ."

"ಹಂಗಾದ್ರ ಸೋಮವಾರ..."

"ಸೋಮವಾರ ಯಾರು ಗುಂಡಿ ಒತ್ತಿದ್ರೂ ಬಾಗಿಲ ತೆರೀತದ. ಹಿಂದಕ ಸೋಮವಾರ ಗಂಟು ಬಿಚ್ಚಾಕ ಯಾರೂ ಬರ್ತಿರಲಿಲ್ಲ. ಆದ್ರ ಗಂಟು ಇರ್ತಿತ್ತು. ನೀ ಭಕ್ತಿಲೆ ಗಂಟನ್ನೇ ಬಿಚ್ಚಿ ಇಟ್ಟೀದಿ."

ಸೌಭಾಗ್ಯಳ ಕಣ್ಣಲ್ಲಿ ನೀರು ತುಂಬಿತು. ಅಳಲಿಲ್ಲ. ಹಿಂಗೈಯಿಂದ ಒರೆಸಿಕೊಂಡಳು.

"ಫೋನ್ ಬಂದೇ ಇಲ್ಲ ಅಂತ ಅವ್ವ ಬಡಕೊಂಡು ಬಡಕೊಂಡು ಹೇಳಿದ್ಲು. ನಾನೇ ನಂಬಲಿಲ್ಲ."

"ನಿನ್ನ ಪ್ರೋಗ್ರಾಂನೂ ಸುಳ್ಳು ಹೇಳಿಲ್ಲ, ನಿಮ್ಮ ಅವ್ವನೂ ಹೇಳಿಲ್ಲ. ನೀ ಕೇಳಬೇಕಾದ ಒಂದು ಪ್ರಶ್ನಿ ಕೇಳಿರಲಿಲ್ಲ, ಅಷ್ಟ."

ಹುಡುಗಿ ಆಗಲೇ ಕೀಲಿಮಣೆಯ ಮೇಲೆ ಕೈಯಿಟ್ಟಿದ್ದಳು. "ಆಲ್ ಜೋಡಿ ಎನಿನೂ ಇಡ್ತೀನ್ರಿ. ಎರಡೂ ನಿಜ ಅಂದ್ರ ಮಾತ್ರ ತೆರೀಲಿ. ಸೋಮವಾರಕ್ಕ ಐದೂ ಹೆಸರು ಹಾಕ್ತೀನಿ. ಒಂದೇ ನಿಮಿಷ."

ಮೇಡಂ ಅವಳ ಕೈ ಹಿಡಿದರು. "ಈಗ ಬ್ಯಾಡ. ಇವತ್ತೊಂದು ದಿನ ಹಂಗೇ ಇರಲಿ."

ನನಗೆ ಆಗ ತಿಳಿಯಿತು. ಬೆಳಿಗ್ಗೆ ನಮ್ಮ ಜೀಪನ್ನು ಡ್ರೈವರ್ ಮಸರತನ ಕೈಗೆ ಕೊಟ್ಟು ದೋರನಹಳ್ಳಿಗೆ ಕಳಿಸಿ, ಮೇಡಂ ನನ್ನನ್ನು ಬಸ್ಸಿನಲ್ಲಿ ಕರೆತಂದಿದ್ದರು. ನಾನು ದಾರಿಯುದ್ದಕ್ಕೂ ಗೊಣಗಿದ್ದೆ. ಮಸರತ ಬೀಜದ ಮನೆಯ ಎದುರಿನ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ಕಳ್ಳ ಮತ್ತೆ ಬಂದರೆ ಇವತ್ತೇ ಬರಬೇಕು. ಸಭೆ ಮುಗಿದರೆ ಗಡಿಗೆಗಳು ಎಲ್ಲಿರುತ್ತವೋ ಯಾರಿಗೆ ಗೊತ್ತು?

"ಈ ಖಾಲಿ ಸಾಲು ಬ್ಯಾರೆ ಯಾರು ನೋಡ್ಯಾರ?" ಎಂದು ಮೇಡಂ ಕೇಳಿದರು.

"ಬಸವಲಿಂಗ ಸರ್ ಒಬ್ಬರ್ರಿ. ನನಗ ಪೈಥಾನ್ ಕಲಿಸಿದ ಗುರುಗಳು. ಬ್ಯಾಸಗ್ಯಾಗ ಪೂರ್ತಿ ಓದಿ ನೋಡಿದ್ರು. ಈ ಸೋಮವಾರದ್ದು ಏನು ಅಂತ ಕೇಳಿದ್ರು, ಹೇಳ್ದೆ. ನಕ್ಕು ಶಭಾಷ್ ಅಂದ್ರು."

"ಗಡಿಗಿ ಹೋದ ಮ್ಯಾಲೆ ಕೂಡಿದ ಸಭ್ಯಾಗ ಪ್ರೋಗ್ರಾಂದಾಗ ಏನೂ ತಪ್ಪಿಲ್ಲ ಅಂತ ಸಾಕ್ಷಿ ಹೇಳಿದವರು ಅವರೇ ಅಲ್ಲ?"

ಸೌಭಾಗ್ಯ ತಲೆಯಾಡಿಸಿದಳು. ಆಮೇಲೆ ಅವಳ ಮುಖ ಬಿಳಿಚಿಕೊಂಡಿತು. ಮೇಡಂ ಮತ್ತೇನೂ ಕೇಳದೆ ಚಪ್ಪಲಿ ಮೆಟ್ಟಿದರು.

* * *

ಸೋಮವಾರ ಎತ್ತಿಗೂ ಬಿಡುವು, ಒಕ್ಕಲಿಗನಿಗೂ ಬಿಡುವು. ಸಂಘದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಚುರುಮುರಿಯ ಸೂಸಲ, ಮಿರ್ಚಿಯ ವಾಸನೆ ಗಮ್ಮೆನ್ನುತ್ತಿತ್ತು. ನನ್ನ ಹೊಟ್ಟೆ ಚುರುಗುಟ್ಟಿತು, ಆದರೆ ಆ ಹೊತ್ತಿನಲ್ಲಿ ಪ್ಲೇಟು ಹಿಡಿಯುವುದು ಚೆನ್ನಾಗಿ ಕಾಣುವುದಿಲ್ಲ.

ಐವರು ಹೆಂಗಸರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಡುವೆ ಭಾಗಮ್ಮ, ಬೆನ್ನು ಕುರ್ಚಿಗೆ ತಾಗಿಸದೆ. ಪಕ್ಕದಲ್ಲಿ ದಾವಲಬೀ. ತಲೆ ತಗ್ಗಿಸಿದವರು ಒಬ್ಬರೂ ಇರಲಿಲ್ಲ. ವೇದಿಕೆಯ ಮೇಲೆ ಅಧ್ಯಕ್ಷ ಅಂಬ್ರಪ್ಪ. ಅವನ ಬಲಕ್ಕೆ ಒಂದು ಕುರ್ಚಿ ಖಾಲಿ ಇತ್ತು. ಅದು ಸಾಕ್ಷಿ ಬಸವಲಿಂಗ ಸರ್‌ಗೆ ಇಟ್ಟದ್ದು.

"ಮಷೀನಿಗೆ ಯಾರ ಮ್ಯಾಲೂ ಸಿಟ್ಟಿಲ್ಲ" ಎಂದ ಅಂಬ್ರಪ್ಪ. "ಐದೂ ಮಂದಿ ಒಪ್ಪ್ಯಾರ ಅಂತ ಅದು ಹೇಳ್ತದ. ಕದ್ದದ್ದು ಒಂದು ತಪ್ಪು. ಸೋಮವಾರ ಬೀಜ ಮುಟ್ಟಿದ್ದು ಇನ್ನೊಂದು. ಇಂಥವರ ಕೈಯಾಗ ನಮ್ಮ ಬೀಜ ಹೆಂಗ ಬಿಡೋಣು?"

ದಾವಲಬೀ ಕುಳಿತಲ್ಲಿಂದಲೇ ದನಿ ಎತ್ತಿದಳು. "ನಮ್ಮ ಮನಿ ಎತ್ತೂ ಸೋಮವಾರ ನೊಗ ಕಂಡಿಲ್ರಿ ಅಧ್ಯಕ್ಷರ. ನಮ್ಮಜ್ಜನ ಕಾಲದಿಂದ ಕಂಡಿಲ್ಲ. ನನ್ನ ಕೈ ಆ ಬಾಗಲಕ ಸೋಮವಾರ ಹೋಗಿತ್ತು ಅಂತ ಮಷೀನ್ ಅಂದ್ರ, ಆ ಮಷೀನ್‌ಗೆ ನಮ್ಮೂರು ಗೊತ್ತಿಲ್ಲ."

ಹಿಂದಿನ ಸಾಲುಗಳಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಂಬ್ರಪ್ಪ ಕಣ್ಣು ಕೆಕ್ಕರಿಸಿದ. ಆಗ ರೇಣುಕಾದೇವಿ ಎದ್ದರು. ವೇದಿಕೆಗೆ ಹೋಗಲಿಲ್ಲ. ಹಾಲಿನ ಪಕ್ಕದ ಗೊಬ್ಬರದ ಖೋಲಿಯ ಬಾಗಿಲು ತೆಗೆದು, ಒಳಗೆ ಕತ್ತು ಹಾಕಿ ಕೂಗಿದರು.

"ಈ ಖೋಲ್ಯಾಗ ಇನ್ನೂ ಚಹಾ ಕುಡಿಯದವರು ಯಾರರ ಅದೀರೇನ್ರಿ?"

ಉತ್ತರ ಬರಲಿಲ್ಲ. ಮತ್ತೊಮ್ಮೆ ಕೂಗಿದರು. ಇಲ್ಲ.

"ಅಧ್ಯಕ್ಷರ, ಒಳಗ ಎಲ್ಲಾರದೂ ಚಹಾ ಆಗೇದ ಅಂತ ಹೇಳ್ಲೇನು?"

"ಏನ್ ಹುಚ್ಚು ಮಾತ್ರಿ! ಒಳಗ ಯಾರೂ ಇಲ್ಲ."

"ಇಲ್ಲ, ಖರೆ. ಆದ್ರ ಕುಡಿಯದವ ಒಬ್ಬನರ ಸಿಕ್ಕನೇನು?"

ಸಭೆ ಮೊದಲು ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಅರ್ಥವಾದವರು ಅರ್ಥವಾಗದವರಿಗೆ ಪಿಸುಗುಟ್ಟತೊಡಗಿದರು. ನಮ್ಮ ಮೇಡಂ ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ಇರಬೇಕಿತ್ತು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಂಥ ಜಾಣೆ ಸುರಪುರದಲ್ಲಿದ್ದರೆ ಯಾರಿಗೇನು ನಷ್ಟ?

"ಸೋಮವಾರ ಆ ಮಷೀನ್ ಕೇಳಿದ್ದು ಹಿಂಗ. ಖಾಲಿ ಖೋಲ್ಯಾಗ ಕೇಳಿ ಬಂದು ಎಲ್ಲಾರೂ ಒಪ್ಪ್ಯಾರ ಅಂತು. ಈ ಐದು ಮಂದೀನ ಅದು ಕೇಳೇ ಇಲ್ಲ" ಎಂದರು ಮೇಡಂ.

ಅವರು ಮುಗಿಸುವ ಮೊದಲೇ ಸೌಭಾಗ್ಯ ಎದ್ದು ನಿಂತಿದ್ದಳು. ಇಡೀ ಹಾಲು ಅವಳ ಕಡೆ ತಿರುಗಿತು.

"ತಪ್ಪು ನಂದು" ಎಂದಳು. "ಸೋಮವಾರ ಯಾರೂ ಬರಂಗಿಲ್ಲ ಅಂತ ನಾ ನೋಡೇ ಇರಲಿಲ್ಲ. ನಮ್ಮವ್ವ ಖರೆ ಹೇಳ್ಯಾಳ. ಐದೂ ಮಂದಿ ಖರೆ ಹೇಳ್ಯಾರ. ನಾ ನನ್ನ ಪ್ರೋಗ್ರಾಂ ನಂಬಿದೆ, ಅವ್ವನ ನಂಬಲಿಲ್ಲ."

ಭಾಗಮ್ಮ ಹಿಂದಕ್ಕೆ ತಿರುಗಿ ಮಗಳನ್ನು ನೋಡಿದಳು. ಒಂದು ವಾರದ ಮೇಲೆ ಅವರಿಬ್ಬರ ಕಣ್ಣು ಕೂಡಿದ್ದು. ನಾನು ಕಣ್ಣು ಒರೆಸಿಕೊಂಡೆ. ಹಾಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

"ನೋಡ್ರಿ ಅಧ್ಯಕ್ಷರ" ಎಂದಳು ಭಾಗಮ್ಮ. "ಇಷ್ಟು ಮಂದ್ಯಾಗ ಎದ್ದು ನಿಂತು ತಪ್ಪು ನಂದು ಅಂತ ಅನ್ನಾಕತ್ತಾಳ ನನ್ನ ಮಗಳು. ಆಕಿ ಕಟ್ಟಿದ ಬಾಗಿಲ ನನಗ ಇನ್ನೂ ಪಸಂದ್ ಐತಿ. ಸೋಮವಾರದ ಗಂಟೂ ಆಕಿನೇ ಕಟ್ತಾಳ." ಮಗಳ ಕಡೆ ತಿರುಗಿ, "ಬಾ, ಇಲ್ಲಿ ಕುಂದ್ರು" ಎಂದಳು.

ದಾವಲಬೀ ಸರಿದು ಜಾಗ ಮಾಡಿಕೊಟ್ಟಳು.

ಅಂಬ್ರಪ್ಪ ಅಷ್ಟಕ್ಕೇ ಸೋಲುವ ಆಸಾಮಿಯಲ್ಲ. "ಇದೆಲ್ಲ ಮಾತಿನ ಚಮತ್ಕಾರ. ಚಹಾದ ಕಥಿ ಕೇಳಿ ನಾ ತೀರ್ಮಾನ ಮಾಡಂಗಿಲ್ಲ. ಬಸವಲಿಂಗ ಸರ್ ಬರಾಕತ್ತಾರ. ಕಲಿತವರು ಹೇಳಲಿ, ಯಾರನ್ನೂ ಕೇಳದೇ ಬಾಗಿಲ ತೆರೀತದೋ ಇಲ್ಲೋ..."

ಅವನ ಮುಂದಿದ್ದ ಸಂಘದ ಫೋನು ಟಿಣ್ ಎಂದಿತು. ಅದೇ ಕ್ಷಣ ಸೌಭಾಗ್ಯಳ ಫೋನೂ ಟಿಣ್ ಎಂದಿತು.

ಅಂಬ್ರಪ್ಪ ಅಭ್ಯಾಸಬಲದಿಂದ ಮೈಕಿನ ಮುಂದೆಯೇ ಓದಿಬಿಟ್ಟ. "ಬೀಜದ ಮನೆ. ಎಲ್ಲರೂ ಒಪ್ಪಿದ್ದಾರೆ. ಬಾಗಿಲು ತೆರೆದಿದೆ."

ಮೈಕು ಆ ಮಾತನ್ನು ಹಾಲಿನ ತುದಿಯವರೆಗೂ ಮುಟ್ಟಿಸಿತು. ಅಂಬ್ರಪ್ಪ ತಲೆಯೆತ್ತಿ ಮುಂದಿನ ಸಾಲನ್ನು ನೋಡಿದ. ಬೆರಳು ಮುಂದೆ ಮಾಡಿ ಹೆಂಗಸರನ್ನು ಎಣಿಸಿದ. ಐವರೂ ಅಲ್ಲೇ ಇದ್ದರು, ಐವರ ಕೈಗಳೂ ಮಡಿಲಲ್ಲಿದ್ದವು. ಮತ್ತೊಮ್ಮೆ ಎಣಿಸಿದ. ಆಗ ಹಾಲಿನಲ್ಲಿ ಎದ್ದ ಸದ್ದು ಚಪ್ಪಾಳೆಯೋ ಕೂಗೋ ತಿಳಿಯಲಿಲ್ಲ. ಊರಿನ ಮುಂದೆ ಆ ಹೆಂಗಸರ ಮಾತನ್ನು ಕಳ್ಳನೇ ನಿಜ ಮಾಡಿದ್ದ.

ಆದರೆ ಅವನು ಈಗ ಅಲ್ಲಿದ್ದ. ನಾಲ್ಕು ಗಡಿಗೆಗಳ ನಡುವೆ.

"ಮಸರತಗ ಫೋನ್ ಹಚ್ರಿ" ಎಂದರು ಮೇಡಂ. ಹಚ್ಚಿದೆ. ರಿಂಗಾಯಿತು. ಮತ್ತೆ ಹಚ್ಚಿದೆ. ರಿಂಗಾಗುತ್ತಲೇ ಇತ್ತು. ಮಸರತ ಸ್ಟಿಯರಿಂಗ್ ಹಿಡಿದಾಗಲೂ ಫೋನ್ ಎತ್ತುವ ಆಸಾಮಿ, ಅದಕ್ಕಾಗಿ ನನ್ನಿಂದ ದಿನಾ ಬೈಸಿಕೊಳ್ಳುತ್ತಾನೆ. ಮೂರನೇ ಸಲ ಹಚ್ಚಿದೆ.

ಸೌಭಾಗ್ಯ ವೇದಿಕೆಯ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಸೋಮವಾರದ ಗುಟ್ಟು ಬಲ್ಲವನು ಒಬ್ಬನೇ, ಅವನೊಬ್ಬನೇ ಸಭೆಗೆ ಬಂದಿಲ್ಲ. ಇನ್ನೇನು ಬೇಕು? ಸಿಕ್ಕಿಬಿದ್ದ ಎಂದುಕೊಂಡು ನಾನು ಮೀಸೆಯ ಮೇಲೆ ಕೈ ಹಾಕಿದೆ.

ಅಷ್ಟರಲ್ಲಿ ಹಿಂದಿನ ಬಾಗಿಲ ಬಳಿ ಜನ ಸರಿದು ದಾರಿ ಬಿಟ್ಟರು.

"ಕ್ಷಮಿಸ್ರಿ, ಕ್ಷಮಿಸ್ರಿ. ಗಾಡಿ ಪಂಕ್ಚರ್ ಆಗಿತ್ತು."

ಬಸವಲಿಂಗ ಸರ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕನ್ನಡಕ. ಅದನ್ನು ಒರೆಸುತ್ತ ವೇದಿಕೆ ಹತ್ತಿದರು.

ನನ್ನ ಕೈ ಮೀಸೆಯಿಂದ ಇಳಿಯಿತು. ಮೇಡಂ ಕೂಡ ಬೆಚ್ಚಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ಇವರು ಇಲ್ಲಿದ್ದರೆ ದೋರನಹಳ್ಳಿಯಲ್ಲಿ ಬಾಗಿಲು ತೆರೆದವರು ಯಾರು?

ಅಂಬ್ರಪ್ಪ ಫೋನನ್ನು ಅವರ ಮುಂದೆ ಹಿಡಿದ. ಬಸವಲಿಂಗ ಸರ್ ಕನ್ನಡಕ ಏರಿಸಿಕೊಂಡು ಓದಿದರು. ಮುಖದ ರಕ್ತವೆಲ್ಲ ಇಳಿದುಹೋಯಿತು. ಮೈಕು ಇನ್ನೂ ಚಾಲೂ ಇತ್ತು.

"ಇವತ್ತ? ಇವತ್ತು ಹೋಗಬ್ಯಾಡ ಅಂತ ಅವಂಗ ಸಾವಿರ ಸಲ ಹೇಳಿದ್ದೆ..."

ತಮ್ಮ ದನಿ ತಮಗೇ ಸ್ಪೀಕರಿನಿಂದ ಕೇಳಿಸಿದಾಗ ಬಾಯಿ ಮುಚ್ಚಿದರು. ತಡವಾಗಿತ್ತು.

ಭಾಗಮ್ಮ ಸೆರಗು ಸರಿಪಡಿಸಿಕೊಂಡು, ಮಗಳ ಕೈ ಬಿಡದೆ, ನಿಧಾನವಾಗಿ ಎದ್ದು ನಿಂತಳು.

"ಯಾರಿಗ್ರೀ ಸರ, ಹೋಗಬ್ಯಾಡ ಅಂತ ಹೇಳಿದ್ದು?" ಎಂದು ಕೇಳಿದಳು.